ಏಳು

ಎರಡು ವರ್ಷಕ್ಕೊಮ್ಮೆ ಅಕ್ಟೋಬರಿನಲ್ಲಿ
ಡೆಲ್ಫ್‌ಜೈಲ್‌ನ ಕಡಲಕಟ್ಟೆಯ ಹಿಂದಿನ ಬೀದಿಗೆ
ಸೈಕಲ್ಲು ತುಳಿಯುತ್ತೇನೆ. ಗಾಳಿ ಎಂದಿನಂತೆ ಎದುರಿಂದ.
ಚೀಲದಲ್ಲಿ ಅರವತ್ತೆರಡು ಪ್ರಶ್ನೆ,
ಆಯುಷ್ಯವನ್ನೆಲ್ಲ ಅಡ್ಡಗೆರೆಯಲ್ಲಿ ಎಳೆದಿಡುವ ಒಂದು ಉದ್ದ ಹಾಳೆ,
ಬಣ್ಣದ ಪೆನ್ಸಿಲ್ಲು: ನೌಕರಿಗೆ ನೀಲಿ, ಮದುವೆಗೆ ಹಸಿರು,
ಇನ್ನೊಬ್ಬರ ಆರೈಕೆಯಲ್ಲಿ ಕಳೆದ ವರ್ಷಗಳಿಗೆ ಹಳದಿ.

ಕಡತದಲ್ಲಿ ಆಕೆ ನಾಲ್ಕು ಸಾವಿರದ ಎಪ್ಪತ್ತೊಂದು.
ಬಾಗಿಲಲ್ಲಿ ಫ್ರೌಕೆ ಡೈಕೆಮಾ.
"ಬಂದೆಯಾ ಲೆಕ್ಕದವನೇ, ಕಾಲು ಒರೆಸಿಕೊ."
ಕಾಫಿ ಒಂದೇ ಲೋಟ, ಬಿಸ್ಕತ್ತೂ ಒಂದೇ;
ಡಬ್ಬಿಯನ್ನು ನನಗೆ ಕೇಳಿಸುವಂತೆ ಮುಚ್ಚುತ್ತಾಳೆ.

ಹದಿನೇಳನೆಯ ಪ್ರಶ್ನೆ:
ಸಂಬಳವಿಲ್ಲದೆ ನೀವು ಯಾರನ್ನಾದರೂ ನೋಡಿಕೊಳ್ಳುತ್ತಿದ್ದೀರಾ?
ಆಕೆ ಬಾಯಿ ತೆರೆಯುವಷ್ಟರಲ್ಲಿ ಒಳಗಿನ ಗಂಟೆ:
ಹಡಗಿನದಂತೆ, ಹಿತ್ತಾಳೆಯದು, ಮೆನ್ನೊನ ಎಡಗೈಗೆ ಎಟುಕುವಂತೆ ಕಟ್ಟಿದ್ದು.
ಹೋದಳು. ಗೋಡೆಯಾಚೆ ನೀರಿನ ಸದ್ದು,
ಭಾರವೊಂದನ್ನು ಹೊರಳಿಸುವ ಸದ್ದು, ಏನೋ ಬೈಗುಳ, ಒಂದು ನಗು.
ಹದಿನಾಲ್ಕು ನಿಮಿಷ. ನಾನು ಗೋಡೆಯ ಬಿರುಕು ನೋಡುತ್ತ ಕೂತೆ,
ಅನಿಲ ತೆಗೆದು ತೆಗೆದು ನೆಲ ಕಂಪಿಸಿ ಬಿಟ್ಟ ಬಿರುಕು;
ಅದರ ಪಕ್ಕ ಪೆನ್ಸಿಲಿನ ಗುರುತು, ತಾರೀಕು.
ಅದನ್ನೂ ಯಾರೋ ಅಳೆಯುತ್ತಿದ್ದಾರೆ.
ತೋಳು ಒದ್ದೆ ಮಾಡಿಕೊಂಡು ಬಂದು ಕೂತಳು.
"ಇಲ್ಲ. ಮುಂದಿನದು?"

ಉತ್ತರ ಹೇಳಿಕೊಡಬಾರದು, ಉಟ್ರೆಕ್ಟಿನಲ್ಲಿ ಕಲಿಸಿದ ನಿಯಮ.
ಆದರೂ ಕಣ್ಣು ಆ ಗೋಡೆಯ ಕಡೆ ಹೋಗಿರಬೇಕು.
"ಅದಾ? ಅದು ಮೆನ್ನೊ," ಅಂದಳು,
ಮಳೆ ಅಂದ ಹಾಗೆ, ಮಂಗಳವಾರ ಅಂದ ಹಾಗೆ.

ಆರು ಸಲ ಕೇಳಿದ್ದೇನೆ. ಆರು ಸಲ ಇಲ್ಲ.
ನಡುವೆ ಆಲೂಗಡ್ಡೆ ಸುಲಿಯುತ್ತ, ಪ್ರಶ್ನೆಗೆ ಸಂಬಂಧವೇ ಇಲ್ಲದಂತೆ,
ಉದುರಿದ್ದು ಇಷ್ಟು:
ಒಂಬತ್ತರ ವಯಸ್ಸಿಗೆ ತಮ್ಮ ಯುರ್ರೆಯ ಕಬ್ಬಿಣದ ಕಾಲಿಗೆ
ಶಾಲೆಗೆ ಮುಂಚೆ ಹನ್ನೆರಡು ಪಟ್ಟಿ ಬಿಗಿಯುತ್ತಿದ್ದಳು,
ಸಂಜೆ ಹನ್ನೆರಡು ಬಿಚ್ಚುತ್ತಿದ್ದಳು;
ಮೂವತ್ತರಲ್ಲಿ ಅತ್ತೆ, ಹೆಸರುಗಳನ್ನೆಲ್ಲ ಮರೆತು
ಇವಳನ್ನು ಹಾಲಿನವಳೆಂದು ಕರೆದು
ದಿನಾ ಚಿಲ್ಲರೆ ಎಣಿಸಿ ಕೊಡುತ್ತಿದ್ದ ಅತ್ತೆ
("ಸಂಬಳ ಸಿಕ್ಕಿದ್ದು ಅಲ್ಲೊಂದೇ ಕಡೆ");
ಆಮೇಲೆ ಮೆನ್ನೊ.
ಸಿಗಡಿ ಕಾರ್ಖಾನೆಯ ಕೆಲಸ ಬಿಟ್ಟ ವರ್ಷಕ್ಕೆ ನೀಲಿ ನಿಲ್ಲಿಸಿದೆ.
ಯಾಕೆ ಬಿಟ್ಟಿರಿ ಎಂಬುದು ಪ್ರಶ್ನೆಪತ್ರಿಕೆಯಲ್ಲಿರಲಿಲ್ಲ.
ಹಳದಿ ಪೆನ್ಸಿಲ್ಲಿನ ಮೊನೆ ಅಂಗಡಿಯಿಂದ ತಂದ ಹಾಗೇ ಇತ್ತು.

ಕೊನೆಯಲ್ಲಿ ಎಂದಿನದು: ಎಲ್ಲ ಸೇರಿಸಿ ನೋಡಿದರೆ,
ಸೊನ್ನೆಯಿಂದ ಹತ್ತರೊಳಗೆ, ಬದುಕು ಎಷ್ಟು ನೆಮ್ಮದಿ?
ಆರು ಸಲವೂ ಒಂದೇ ಉತ್ತರ: ಏಳು.

ಈ ಅಕ್ಟೋಬರಿಗೆ ಗಂಟೆ ಕಿಟಕಿಯ ಮೇಲಿತ್ತು.
ಮೆನ್ನೊ ಮಾರ್ಚಿನಲ್ಲಿ ಹೋದ.
ಬಾಡಿಗೆಯ ಮಂಚ ವಾಪಸು ಹೋಗಿ
ನೆಲದಲ್ಲಿ ನಾಲ್ಕು ಗಾಲಿಯ ಗುಳಿ.
ಹದಿನೇಳನ್ನು ಬೇಗ ಓದಿ ದಾಟಿಬಿಡೋಣವೆಂದುಕೊಂಡೆ.
"ಹೌದು," ಅಂದಳು.

ಪೆನ್ನು ನಿಂತಿತು. ವಾರಕ್ಕೆ ಎಷ್ಟು ಗಂಟೆ?
"ರಾತ್ರಿ ಮೂರಕ್ಕೆ ಎಚ್ಚರವಾಗುತ್ತೆ. ಮಗ್ಗುಲು ಬದಲಿಸಬೇಕಲ್ಲ.
ಹೋಗಿ ನಿಲ್ಲುತ್ತೇನೆ. ಕೆಲಸವಿಲ್ಲ ಅಂತ ಕೈಗೆ ಗೊತ್ತಾಗೋಕೆ
ಹದಿನೈದು ನಿಮಿಷ ಬೇಕು. ಅಷ್ಟು ಬರಿ.
ಜಾಸ್ತಿ ಬರೆದರೆ ಸುಳ್ಳಾಗುತ್ತೆ."
ಏಳು ರಾತ್ರಿಗೆ ಗುಣಿಸಿದೆ: ಒಂದೂಮುಕ್ಕಾಲು ಗಂಟೆ.

ಯಾರನ್ನು? ಸಂಗಾತಿ, ತಂದೆತಾಯಿ, ಮಗು, ನೆರೆಯವರು, ಇತರೆ.
ಪಟ್ಟಿಯನ್ನು ಎರಡು ಸಲ ಓದಿಸಿಕೊಂಡಳು.
"ಇತರೆ," ಅಂದಳು. ಸ್ವಲ್ಪ ಹೊತ್ತಾದ ಮೇಲೆ,
"ಇರಲಿ, ಸಂಗಾತಿ."

ನೆಮ್ಮದಿ ಎಷ್ಟು?
"ಏಳು."
ಹನ್ನೆರಡು ವರ್ಷ ಅಂಕಿಯೆಂದು ಬರೆದುಕೊಂಡಿದ್ದೆ.
ಕತ್ತಲಲ್ಲಿ ಯಾರೋ ಭುಜ ತಟ್ಟಿ ಹೇಳುವ ಮಾತೂ ಅದೇ
ಎಂದು ಆವತ್ತು ಕೇಳಿಸಿತು.

ಮುಂದಿನ ವಾರ ಉಟ್ರೆಕ್ಟಿನಿಂದ ಪತ್ರ:
ಸಂಖ್ಯೆ 4071, ಒಂಟಿ ಮನೆ, ಪತಿ ಮೃತ, ಆರೈಕೆ 'ಹೌದು'.
ಹೊಂದಿಕೆಯಾಗುತ್ತಿಲ್ಲ. 'ಇಲ್ಲ' ಎಂದು ತಿದ್ದಲೇ?
ಬೇಡ ಎಂದು ಬರೆದೆ. ಕಾರಣದ ಜಾಗದಲ್ಲಿ
ಎರಡು ಸಾಲು ಬರೆದು ಹೊಡೆದುಹಾಕಿದೆ.
ತಿದ್ದಿದರೋ ಬಿಟ್ಟರೋ, ನನಗೆ ಹೇಳುವವರಿಲ್ಲ.